ಪಡುಬಿದ್ರಿಯ ಪಾಠ: ಹರಾಜಿನ ದರ ಮತ್ತು ಕಾರ್ಮಿಕನ ದುಡಿಮೆ

ಕಾಪು ತಾಲೂಕಿನ ಪಡುಬಿದ್ರಿಗೆ ದೇಶದ ಪವನ ವಿದ್ಯುತ್ ಉದ್ಯಮದ ನಕಾಶೆಯಲ್ಲಿ ಸ್ಥಾನ ದೊರಕಿಸಿದ್ದು ಸುಜ್ಲಾನ್ ಸಂಸ್ಥೆಯ ಘಟಕ. ಗಾಳಿಯಂತ್ರದ ಬೃಹತ್ ರೆಕ್ಕೆಗಳು ಇಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾಗಿ ರಾಷ್ಟ್ರೀಯ ಹೆದ್ದಾರಿಯ ಮೂಲಕ ಸಾಗುತ್ತಿದ್ದವು. 2017ರ ನವೆಂಬರ್‌ನಲ್ಲಿ ಆಡಳಿತ ವರ್ಗವು ಇದೇ ಘಟಕಕ್ಕೆ ಲಾಕ್‌ಔಟ್ ಘೋಷಿಸಿತು. ಅದರ ಬಿಸಿ ಕಾರ್ಮಿಕರಿಗಷ್ಟೇ ಅಲ್ಲದೆ, ಸಾಗಣೆದಾರರು, ಕ್ಯಾಂಟೀನ್ ನಡೆಸುವವರು ಹಾಗೂ ಬಾಡಿಗೆ ಮನೆಗಳ ಮಾಲೀಕರಂತಹ ಅವಲಂಬಿತರಿಗೂ ತಟ್ಟುವುದು ಸಹಜ.

ಆ ವರ್ಷ ಇಡೀ ಉದ್ಯಮವೇ ಸಂಕಷ್ಟದಲ್ಲಿತ್ತು. ಅದುವರೆಗೆ ರಾಜ್ಯಗಳು ಪವನ ವಿದ್ಯುತ್ತಿಗೆ ನಿಗದಿತ ಖರೀದಿ ದರ ನೀಡುತ್ತಿದ್ದವು. 2017ರ ಫೆಬ್ರವರಿಯಲ್ಲಿ ನಡೆದ ಮೊದಲ ರಾಷ್ಟ್ರೀಯ ಹರಾಜಿನಲ್ಲಿ ದರ ಯೂನಿಟ್ಟಿಗೆ ರೂ. 3.46ಕ್ಕೆ, ಅಕ್ಟೋಬರ್‌ನಲ್ಲಿ ರೂ. 2.64ಕ್ಕೆ ಇಳಿಯಿತು. ಹಳೆಯ ದರದ ಒಪ್ಪಂದಗಳಿಗೆ ರಾಜ್ಯಗಳು ಹಿಂದೇಟು ಹಾಕಿದವು. ಹೊಸ ಯೋಜನೆಗಳು ಆರಂಭಗೊಳ್ಳಲು ಸಮಯ ಬೇಕಿತ್ತು. 2016-17ರಲ್ಲಿ ಸುಮಾರು 5,500 ಮೆಗಾವ್ಯಾಟ್ ಇದ್ದ ಹೊಸ ಸ್ಥಾಪನೆ ಮರುವರ್ಷ 2,000 ಮೆಗಾವ್ಯಾಟ್‌ಗಿಂತ ಕೆಳಗಿಳಿಯಿತು. ಅಗ್ಗದ ವಿದ್ಯುತ್ತಿನಿಂದ ಗ್ರಾಹಕನಿಗೆ ಲಾಭವಾಯಿತು. ಯಂತ್ರ ತಯಾರಕನ ಬೇಡಿಕೆ ಕುಸಿಯಿತು.

ಸುಜ್ಲಾನ್‌ಗೆ ಸಾಲದ ಹೊರೆ ಮೊದಲೇ ಇತ್ತು. 2012ರಲ್ಲಿ ವಿದೇಶಿ ಬಾಂಡುಗಳ ಮರುಪಾವತಿ ತಪ್ಪಿತು. 2015ರಲ್ಲಿ ಜರ್ಮನಿಯ ಅಂಗಸಂಸ್ಥೆ ಸೆನ್ವಿಯಾನ್ ಮಾರಾಟವಾಯಿತು. 2020ರಲ್ಲಿ ಬ್ಯಾಂಕುಗಳು ಸಾಲವನ್ನು ಪುನರ್ರಚಿಸಿದವು.

ಸಾಲಕ್ಕೆ ದೊರೆಯುವ ಕಾಲಾವಕಾಶ ಸಂಬಳಕ್ಕೆ ದೊರೆಯುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಲಾಕ್‌ಔಟ್ ತಾತ್ಕಾಲಿಕ ಕ್ರಮ. ಅದು ಉದ್ಯೋಗ ಕಡಿತವಲ್ಲ. ಆದ್ದರಿಂದ ಅಷ್ಟರಿಂದಲೇ ಕಡಿತದ ಪರಿಹಾರ ಲಭಿಸುವುದಿಲ್ಲ. ಸಂಬಳದ ಹಕ್ಕು ಲಾಕ್‌ಔಟ್ ನ್ಯಾಯಸಮ್ಮತವೇ ಎಂಬ ತೀರ್ಮಾನವನ್ನು ಅವಲಂಬಿಸುತ್ತದೆ. ಅಲ್ಲಿಯವರೆಗೆ ಕಾರ್ಮಿಕ ಕೆಲಸದಲ್ಲಿಯೂ ಇಲ್ಲ, ಹೊರಗೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಕೆಲಸ ಕಳೆದುಕೊಂಡ ಪ್ರತಿ ಕಾರ್ಮಿಕನಿಗೆ 15 ದಿನಗಳ ಸಂಬಳದಷ್ಟು ಮರುಕೌಶಲ ನಿಧಿಯನ್ನು ವಿಧಿಸಿದೆ. ಅದೂ ಕಡಿತಕ್ಕೆ ಒಳಗಾದವರಿಗೆ ಮಾತ್ರ. ಅದೇ ಸಂಹಿತೆಯು ಸರಕಾರದ ಪೂರ್ವಾನುಮತಿಯಿಲ್ಲದೆ ಕಡಿತ ಮಾಡಬಹುದಾದ ಘಟಕಗಳ ಮಿತಿಯನ್ನು 100ರಿಂದ 300 ಕಾರ್ಮಿಕರಿಗೆ ಏರಿಸಿದೆ.

ನಮ್ಮ ಜಿಲ್ಲೆಯಲ್ಲಿ ಪರ್ಯಾಯವಿಲ್ಲವೆಂದಲ್ಲ. ಗಾಜಿನ ನಾರನ್ನು ಅಚ್ಚಿನಲ್ಲಿ ಹಾಸಿ ರಾಳದಿಂದ ಗಟ್ಟಿಗೊಳಿಸುವ ರೆಕ್ಕೆ ತಯಾರಿಕೆಯ ಕೌಶಲಕ್ಕೂ ಮಲ್ಪೆಯ ಫೈಬರ್ ದೋಣಿಗಳ ಕೌಶಲಕ್ಕೂ ಹತ್ತಿರದ ನಂಟಿದೆ. ದಿವಾಳಿಯಾಗಿದ್ದ ಟೆಬ್ಮಾ ಹಡಗು ಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ವಹಿಸಿಕೊಂಡ ಬಳಿಕ, ಅದೇ ಮಲ್ಪೆಯಲ್ಲಿ ಹಡಗು ನಿರ್ಮಾಣ ಮತ್ತೆ ಆರಂಭಗೊಂಡಿತು. ಕಾರ್ಮಿಕರ ಕೌಶಲಕ್ಕೆ ಪ್ರಮಾಣಪತ್ರ ಒದಗಿಸುವುದು, ಪೂರಕ ಘಟಕಗಳು ಒಬ್ಬನೇ ಗ್ರಾಹಕನನ್ನು ನಂಬಿ ಬಂಡವಾಳ ಹೂಡದಿರುವುದು, ಇವೆರಡೂ ದೊಡ್ಡ ಘಟಕದ ಬಾಗಿಲು ತೆರೆದಿರುವಾಗಲೇ ಆಗಬೇಕಾದ ಕೆಲಸಗಳು.