ನಿಮಗಿದು ಗೊತ್ತೇ? ಹಳೆಯದು ಅಂದರೆ ಎಷ್ಟು ಹಳೆಯದು?

● ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲಿರುವ ಕೆಂಪೇಗೌಡ ಗೋಪುರಕ್ಕೆ ಆಗಿರುವುದು ಕೆಲವು ನೂರು ವರ್ಷ. ಅದು ಕೂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ! ಈ ಲೆಕ್ಕ ಕಾರ್ಬನ್ ಡೇಟಿಂಗ್‌ನದಲ್ಲ. ಇಂಗಾಲ-14 ಹೆಚ್ಚೆಂದರೆ 50 ಸಾವಿರ ವರ್ಷ ಹಿಂದಕ್ಕೆ ಹೋಗಬಲ್ಲದು, ಅದೂ ಒಂದು ಕಾಲಕ್ಕೆ ಜೀವವಿದ್ದ ಮರ, ಮೂಳೆ, ಕಾಳು, ಚಿಪ್ಪುಗಳಲ್ಲಿ.

● ಇಷ್ಟು ಹಳೆಯ ಬಂಡೆಗಳ ಜಾತಕ ಇರುವುದು ಜಿರ್ಕಾನ್ ಎಂಬ ಮರಳಿನಷ್ಟು ಸಣ್ಣ ಹರಳಿನಲ್ಲಿ. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಆದದ್ದೇ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಒಂದು ಹರಳಿಗೆ 440 ಕೋಟಿ ವರ್ಷ.

● ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಹೇಳಿದವರು ಕ್ಲೇರ್ ಪ್ಯಾಟರ್ಸನ್. ಅಳೆದದ್ದು ಉಲ್ಕೆಗಳಲ್ಲಿನ ಸೀಸವನ್ನು. ಆದರೆ ಎಷ್ಟು ಜಾಗ್ರತೆ ಮಾಡಿದರೂ ಹೊರಗಿನ ಸೀಸ ಬಂದು ಮಾದರಿಯನ್ನು ಕೆಡಿಸುತ್ತಿತ್ತು. ಎಲ್ಲಿಂದ ಬರುತ್ತಿದೆ ಎಂದು ಬೆನ್ನು ಹತ್ತಿದರೆ ಮುಖ್ಯ ಆರೋಪಿಯಾಗಿ ಸಿಕ್ಕಿದ್ದು ವಾಹನಗಳ ಪೆಟ್ರೋಲ್! ಮುಂದೆ ಅವರು ಸೀಸದ ಪೆಟ್ರೋಲ್ ವಿರುದ್ಧವೇ ತಿರುಗಿ ನಿಂತರು. ಭಾರತದ ಬಂಕ್‌ಗಳಿಂದ ಅದು ಪೂರ್ತಿ ಮಾಯವಾದದ್ದು 2000ದಲ್ಲಿ.

● ಕಾರ್ಬನ್ ಡೇಟಿಂಗ್ ವರದಿಯಲ್ಲಿ ‘ಇಂದಿಗೆ ಇಷ್ಟು ವರ್ಷ ಹಿಂದೆ’ ಎಂದಿದ್ದರೆ ಆ ‘ಇಂದು’ 1950. ಆಮೇಲಿನ ಅಣುಬಾಂಬ್ ಪರೀಕ್ಷೆಗಳು ಗಾಳಿಯ ಲೆಕ್ಕವನ್ನೇ ಕೆಡಿಸಿದವು. 1960ರ ದಶಕದ ನಡುವೆ ಉತ್ತರಾರ್ಧಗೋಳದ ಗಾಳಿಯಲ್ಲಿ ಇಂಗಾಲ-14 ಸುಮಾರು ಇಮ್ಮಡಿಯಾಗಿತ್ತು.

● ಈ ವಿಧಾನಕ್ಕೆ 1960ರ ನೊಬೆಲ್ ಪಡೆದ ವಿಲಾರ್ಡ್ ಲಿಬ್ಬಿ ಇಂಗಾಲ-14ರ ಅರ್ಧಾಯು 5,568 ವರ್ಷ ಎಂದಿದ್ದರು. ಸರಿಯಾದದ್ದು ಸುಮಾರು 5,730. ಪ್ರಯೋಗಾಲಯಗಳು ಮೊದಲ ಲೆಕ್ಕವನ್ನು ಇವತ್ತಿಗೂ ಹಳೆಯ ಅಂಕಿಯಲ್ಲೇ ಮಾಡುತ್ತವೆ, ಆಮೇಲೆ ಮರದ ಉಂಗುರಗಳ ಪಟ್ಟಿಗೆ ಹೋಲಿಸಿ ತಿದ್ದಿಕೊಳ್ಳುತ್ತವೆ. ರೂಢಿ, ಅಷ್ಟೇ.

● ಉತ್ಖನನದಲ್ಲಿ ಸುಟ್ಟ ತೊಲೆಗಿಂತ ಸುಟ್ಟ ಹುರುಳಿಕಾಳಿಗೆ ಬೆಲೆ ಹೆಚ್ಚು. ತೊಲೆ ಹೇಳುವುದು ಮರ ಬೆಳೆದ ಕಾಲವನ್ನು, ಮನೆ ಕಟ್ಟಿದ ಕಾಲವನ್ನಲ್ಲ. ಅಜ್ಜನ ಮನೆಯ ತೊಲೆಯನ್ನು ಮೊಮ್ಮಗ ಹೊಸ ಮನೆಗೆ ಹಾಕಿಸುವುದು ನಮ್ಮಲ್ಲಿ ಹೊಸದೇನಲ್ಲವಲ್ಲ! ಕಾಳಾದರೋ ಒಂದೇ ವರ್ಷದ ಬೆಳೆ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳ ಕಾಲವನ್ನು ಇಂಥ ಕರಕಲು ಕಾಳುಗಳಿಂದ ಬಿಗಿಯಾಗಿ ಗುರುತಿಸಲು ಸಾಧ್ಯವಾಗಿದೆ.

● ಅಮೆರಿಕದ ನೆವಾಡದ ಬುಗ್ಗೆಗಳಲ್ಲಿ ಜೀವಂತವಾಗಿದ್ದ ಬಸವನಹುಳುಗಳ ಚಿಪ್ಪು ಪರೀಕ್ಷಿಸಿದರೆ ಬಂದ ವಯಸ್ಸು 27 ಸಾವಿರ ವರ್ಷ! ನೀರಿನಲ್ಲಿ ಕರಗಿದ್ದ ಪುರಾತನ ಸುಣ್ಣಕಲ್ಲಿನ ಇಂಗಾಲ ಮಾಡಿದ ಚೇಷ್ಟೆ.

● ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನೂ ಪತ್ತೆ ಮಾಡಬಹುದು. ಅಗೆದ ಗುಂಡಿಯ ಗೋಡೆಗೆ ಲೋಹದ ಕೊಳವೆಯನ್ನು ಸುತ್ತಿಗೆಯಿಂದ ಹೊಡೆದು ಇಳಿಸುತ್ತಾರೆ, ಬೆಳಕು ಸೋಕದಂತೆ ಎರಡೂ ತುದಿ ಮುಚ್ಚುತ್ತಾರೆ. ಬಿಚ್ಚುವುದು ಹಳೆಯ ಫೋಟೊ ಸ್ಟುಡಿಯೊದಂಥ ಕತ್ತಲ ಕೋಣೆಯಲ್ಲಿ, ಮಂದ ಕೆಂಪು ದೀಪದಡಿ. ಒಂದು ಕ್ಷಣ ಬಿಸಿಲು ಬಿದ್ದರೂ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಡಕೆಯ ಚೂರಾದರೆ ಇದೇ ಬಗೆಯ ಇನ್ನೊಂದು ಪರೀಕ್ಷೆಯಲ್ಲಿ ಕುಂಬಾರನ ಆವಿಗೆಯಲ್ಲಿ ಬೆಂದ ಕಾಲವನ್ನು ಹೇಳುತ್ತದೆ.

● ಯಾದಗಿರಿ ಜಿಲ್ಲೆ ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೈಗೊಡಲಿ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಅಗೆದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ತಂಡ.

● ಇಸವಿ ಗೊತ್ತಿರುವ ಘಟನೆಯ ಮೇಲೆಯೇ ವಿಧಾನಕ್ಕೆ ಪರೀಕ್ಷೆ ಒಡ್ಡಿದರೆ? ಪಾಂಪೆಯನ್ನು ಹೂತುಹಾಕಿದ ವೆಸೂವಿಯಸ್ ಸ್ಫೋಟ ಕ್ರಿ.ಶ. 79ರದು. 1997ರಲ್ಲಿ ಆರ್ಗಾನ್ ವಿಧಾನ ಕೊಟ್ಟ ಉತ್ತರ 1,925 ವರ್ಷ, ಹೆಚ್ಚುಕಡಿಮೆ 94. ನಿಜವಾಗಿ ಆಗಿದ್ದದ್ದು 1,918. ಕೋಟಿಗಟ್ಟಲೆ ವರ್ಷ ಎಣಿಸುವ ಗಡಿಯಾರಕ್ಕೆ ಇದು ಡಿಸ್ಟಿಂಕ್ಷನ್!

● ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಕಲ್ಲಿನ ವಯಸ್ಸು ತಿಳಿದರೂ ಕೆತ್ತಿದ ದಿನ ತಿಳಿಯದು. ಕ್ರಿ.ಶ. ಸುಮಾರು 450 ಎಂದು ಹೇಳಿರುವುದು ಅಕ್ಷರಗಳ ರೂಪ ಮತ್ತು ಅದರಲ್ಲಿರುವ ಕದಂಬರ ಉಲ್ಲೇಖ ನೋಡಿ. ಆದ್ದರಿಂದ ‘ಕಲ್ಲಿನ ವಿಗ್ರಹಕ್ಕೆ ಕಾರ್ಬನ್ ಡೇಟಿಂಗ್’ ಎಂಬ ಸುದ್ದಿ ಕಂಡರೆ ಮೊದಲು ಕೇಳಿ: ಪರೀಕ್ಷೆಗೆ ಕಳಿಸಿದ್ದು ಇದ್ದಿಲೋ, ಮೂಳೆಯೋ, ಕಾಳೋ?