ಒಂದು ವರ್ಷದಲ್ಲಿ ಗದುಗಿನ ಭಾರತ



ವರ್ತಕ ನಗರದ ಸುತ್ತಮುತ್ತ ಇರುವವರಿಗೆ ಜ್ಞಾನೇಶ್ವರಿ ಪಾರಾಯಣ ಹೊಸದಲ್ಲ. ಸಪ್ತಾಹವೆಂದರೆ ಏಳು ದಿನದಲ್ಲಿ ಸುಮಾರು 9,000 ಓವಿಗಳನ್ನು ಓದಿ ಮುಗಿಸುತ್ತಾರೆ. ಅದನ್ನು ನೋಡಿದಾಗ ನಿಮಗೂ ಅನಿಸಿರಬಹುದು: ಊರಿಂದ ತಂದು ಕಪಾಟಿನ ಮೇಲಿಟ್ಟ ಕುಮಾರವ್ಯಾಸ ಭಾರತವನ್ನು ನಾವು ಓದುವುದು ಯಾವಾಗ? ನಮಗೆ ಏಳು ದಿನದ ಅವಸರ ಬೇಡ. ಒಂದು ವರ್ಷ ಇಟ್ಟುಕೊಳ್ಳೋಣ.

ಮೊದಲು ಲೆಕ್ಕ ನೋಡಿ. ಹತ್ತು ಪರ್ವ, ಸುಮಾರು 150 ಸಂಧಿ, 8,000ಕ್ಕೂ ಮಿಕ್ಕಿ ಪದ್ಯ. ಕೇಳಿದರೆ ಎದೆ ಡವಗುಟ್ಟುತ್ತದೆ. ಆದರೆ 52 ವಾರಕ್ಕೆ ಹಂಚಿದರೆ ವಾರಕ್ಕೆ ಮೂರೇ ಸಂಧಿ. ರಾಗವಿಲ್ಲದೆ ಬರೀ ಗಟ್ಟಿಯಾಗಿ ಓದಿದರೂ ಒಂದು ಸಂಧಿಗೆ ಅರ್ಧ ಗಂಟೆಯ ಆಸುಪಾಸು ಸಾಕು. ಠಾಣೆಯಿಂದ ಸಿಎಸ್‌ಎಂಟಿವರೆಗೆ ಸೀಟು ಸಿಕ್ಕಿದರೆ ಒಂದು ಸಂಧಿ ಆರಾಮಾಗಿ ಮುಗಿಯುತ್ತದೆ. ಸೀಟು ಸಿಗುವುದು ನಿಮ್ಮ ಪುಣ್ಯ!

ಶುರು ಮಾಡಿದ ಬಹಳ ಜನ ಆದಿಪರ್ವದಲ್ಲೇ ಪುಸ್ತಕ ಮುಚ್ಚಿಬಿಡುತ್ತಾರೆ. ಭಾಷೆ ಕಷ್ಟ ಎನ್ನುತ್ತಾರೆ. ನಿಜವಾಗಿ ನೋಡಿದರೆ ಭಾಷೆಗಿಂತ ಹೆಸರುಗಳದ್ದೇ ತೊಂದರೆ. ಅರ್ಜುನ ಒಂದು ಕಡೆ ಪಾರ್ಥ, ಇನ್ನೊಂದು ಕಡೆ ಫಲುಗುಣ, ಮತ್ತೊಂದು ಕಡೆ ಕಿರೀಟಿ. ಭೀಮ ಅನಿಲಸುತ, ಕರ್ಣ ರವಿಸುತ, ಕೃಷ್ಣನಿಗಂತೂ ಲೆಕ್ಕವೇ ಇಲ್ಲ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ರಟ್ಟಿನ ಒಳಬದಿಗೆ ಅಂಟಿಸಿಕೊಳ್ಳಿ. ದಪ್ಪ ನಿಘಂಟಿಗಿಂತ ಈ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಅನುಕೂಲವನ್ನು ಕವಿಯೇ ಮಾಡಿಟ್ಟಿದ್ದಾನೆ. ಪ್ರತಿ ಸಂಧಿಯ ತಲೆಯಲ್ಲಿ 'ಸೂಚನೆ' ಎಂದು ಒಂದು ಪದ್ಯವಿದೆ, ಮುಂದೆ ಬರುವ ಕಥೆ ಅದರಲ್ಲೇ ಗೊತ್ತಾಗುತ್ತದೆ. ಭಾನುವಾರ ಕೂತು ಆ ವಾರದ ಮೂರು ಸೂಚನೆಗಳನ್ನು ಮೊದಲೇ ಓದಿಕೊಂಡರೆ ಅರ್ಧ ಕೆಲಸ ಆದಂತೆ.

ಮತ್ತೆ, ಇದನ್ನು ಮನಸ್ಸಿನಲ್ಲೇ ಓದಬೇಡಿ. ಭಾಮಿನಿ ಷಟ್ಪದಿ ಬಾಯಿಗೆ ಬರೆದದ್ದು, ಕಣ್ಣಿಗಲ್ಲ. ಒಂದು ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಎಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳು ಉದ್ದ, 23 ಮಾತ್ರೆ. ತಲೆನೋವು ಅನಿಸಿದರೆ 'ಠಾಣೆ ಕಲ್ವಾ ಠಾಣೆ ಮುಂಬ್ರಾ' ಎಂದು ಎರಡು ಸಲ ಹೇಳಿ ನೋಡಿ, ಚಿಕ್ಕ ಸಾಲಿನ ನಡೆ ಅದೇ! ಲೋಕಲ್‌ನಲ್ಲಿ ತಾಳ ಹಿಡಿದು ಭಜನೆ ಹಾಡುವವರಿದ್ದಾರೆ. ನೀವು ತುಟಿಯಲ್ಲೇ ಪಿಸುಗುಟ್ಟಿದರೆ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಹಿರಿಯರಲ್ಲಿ ಅಕ್ಷರ ಬಾರದವರಿಗೂ ಈ ಕಾವ್ಯ ಗೊತ್ತಿತ್ತು. ಕಾರಣ ಗಮಕ. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರೇ ಕೇಳುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಇದಕ್ಕೇ ಹೆಸರಾದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನ ಜನ್ಮದ ಗುಟ್ಟು ಹೇಳುವ ಭಾಗ ಬಂದಾಗ ಅವರೇ ನಮಗೆಲ್ಲ ಅರ್ಥ ಹೇಳಬಲ್ಲರು.

ಮುಂಬಯಿ ಕಡೆಯ ನಮ್ಮ ಮನೆಗಳಿಗೆ ಗಮಕದ ಈ ಕ್ರಮವೇ ಸರಿ. ಏಕೆಂದರೆ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ, ಹಿಂದಿ. ಎಷ್ಟೋ ಮನೆಗಳಲ್ಲಿ ಕನ್ನಡ ಪುಸ್ತಕ ಬಿಡಿಸುವ ಕೊನೆಯ ವ್ಯಕ್ತಿ ನೀವೇ. ನಿಮ್ಮ ನಂತರ ಆ ಭಾರತವನ್ನು ರದ್ದಿಯವನು ತೂಗುತ್ತಾನೆ ಎಂದರೆ ಕಟುವಾಯಿತೇನೋ, ಆದರೆ ಸುಳ್ಳಲ್ಲ. ಹಾಗಾಗಿ ವಾರದ ಮೂರು ಸಂಧಿಗಳಲ್ಲಿ ಎರಡು ನಿಮಗಿರಲಿ. ಮೂರನೆಯದನ್ನು ಶನಿವಾರ ರಾತ್ರಿ ಊಟವಾದ ಮೇಲೆ ಮನೆಯವರಿಗೆ ಓದಿ ಹೇಳಿ. ಅರ್ಥವನ್ನು ಧಾರವಾಡದ ಕನ್ನಡದಲ್ಲಿ ಹೇಳಿ, ಕುಂದಾಪುರದ್ದರಲ್ಲಿ ಹೇಳಿ, ತುಳುವಿನಲ್ಲಿ ಹೇಳಿದರೂ ನಾರಣಪ್ಪ ಬೇಸರಿಸುವುದಿಲ್ಲ. ಮಕ್ಕಳು ನಡುವೆ ಎದ್ದು ಹೋದರೆ ಹೋಗಲಿ, ನೀವು ನಿಲ್ಲಿಸಬೇಡಿ. ವಿರಾಟಪರ್ವದ ಉತ್ತರಕುಮಾರನ ಬಡಾಯಿ ಬಂದಾಗ ತಾವಾಗಿ ಬಂದು ಕೂರುತ್ತಾರೆ.

ಜನವರಿಯಲ್ಲಿ ಹಿಡಿದರೆ ಈ ವಿರಾಟಪರ್ವ ಹೆಚ್ಚುಕಡಿಮೆ ಮೇ ಕೊನೆ, ಜೂನ್ ಮೊದಲಿಗೆ ಬರುತ್ತದೆ. ಮಳೆಗಾಗಿ ವಿರಾಟಪರ್ವ ಓದಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಇಲ್ಲಿ ಮಳೆ ಬರಿಸುವ ಅಗತ್ಯವೇನೂ ಇಲ್ಲ, ಬಂದ ಮಳೆ ಲೋಕಲ್ ನಿಲ್ಲಿಸದಿದ್ದರೆ ಸಾಕು.

ಮುಂದೆ ಭೀಷ್ಮ, ದ್ರೋಣ ಪರ್ವಗಳು ಓಟದಲ್ಲಿ ಹೋಗುತ್ತವೆ. ಕರ್ಣಪರ್ವ ಉದ್ದ, ಗಣಪತಿ ಹಬ್ಬ, ದಸರೆ ಎಂದು ಒಂದೆರಡು ವಾರ ತಪ್ಪುವುದೂ ಆ ಹೊತ್ತಿಗೇ. ತಪ್ಪಿದ್ದನ್ನು ಒಂದೇ ರಾತ್ರಿ ಓದಿ ತುಂಬಿಸಲು ಹೋಗಬೇಡಿ, ಅಲ್ಲೇ ಎಷ್ಟೋ ಜನರ ಸಂಕಲ್ಪ ಮುರಿಯುವುದು. ಆ ಸಂಧಿಗಳ ಗಮಕ ವಾಚನದ ಧ್ವನಿಮುದ್ರಣ ಸಿಕ್ಕಿದರೆ ಅಡಿಗೆ ಮಾಡುತ್ತ ಕೇಳಿಕೊಳ್ಳಿ, ಕೇಳಿದ್ದೂ ಓದಿದ ಲೆಕ್ಕವೇ. ಹೇಗೂ ಮುಂದಿನ ಶಲ್ಯಪರ್ವ ತೀರ ಚಿಕ್ಕದು, ಹಿಂದೆ ಬಿದ್ದವರಿಗೆ ಅಲ್ಲಿ ಉಸಿರಾಡಲು ಜಾಗವಿದೆ.

ಡಿಸೆಂಬರಿನಲ್ಲಿ ಗದಾಪರ್ವ. ಕುಮಾರವ್ಯಾಸ ಅಲ್ಲಿಗೇ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಅದು ಬೇಕೆನ್ನುವವರು ಮುಂದಿನ ಜನವರಿಗೆ ಇಟ್ಟುಕೊಳ್ಳಬಹುದು.