ಕರ್ನಾಟಕದ ಟಿಬೆಟನ್ ನಿರಾಶ್ರಿತರ ಉನ್ನತ ಶಿಕ್ಷಣ

ಕರ್ನಾಟಕದ ಟಿಬೆಟನ್ ನಿರಾಶ್ರಿತರಿಗೆ ಪದವಿ, ವೃತ್ತಿಪರ ಮತ್ತು ಮಠೀಯ ವ್ಯಾಸಂಗಕ್ಕೆ ಇರುವ ಅವಕಾಶಗಳು ಅವರ ಕಾನೂನು ಸ್ಥಾನಮಾನವನ್ನು ಅವಲಂಬಿಸಿವೆ. ರಾಜ್ಯದ ಐದು ಟಿಬೆಟನ್ ವಸಾಹತುಗಳಲ್ಲಿ ಹುಟ್ಟಿ ಬೆಳೆದ ಯುವಜನರಲ್ಲಿ ಕೆಲವರು ಭಾರತದ ಪೌರರು. ಉಳಿದವರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರು. ಕಾಲೇಜಿನ ಸೀಟು, ವಿದ್ಯಾರ್ಥಿವೇತನ, ವಿದೇಶ ವ್ಯಾಸಂಗ ಮತ್ತು ಪದವಿಯ ನಂತರದ ಉದ್ಯೋಗ ಈ ವ್ಯತ್ಯಾಸದ ಮೇಲೆ ನಿಂತಿವೆ.

ಹಿನ್ನೆಲೆ

1959ರಲ್ಲಿ 14ನೇ ದಲಾಯಿ ಲಾಮಾ ಭಾರತಕ್ಕೆ ಬಂದ ನಂತರ ಸಾವಿರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯವು ಅವರ ಪುನರ್ವಸತಿಗೆ ಭೂಮಿ ನೀಡಿತು. 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮೊದಲ ವಸಾಹತು ನೆಲೆಗೊಂಡಿತು. ಅಲ್ಲಿಯೇ ಎರಡನೆಯ ವಸಾಹತು ನಂತರ ಬಂದಿತು. 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, 1970ರ ದಶಕದಲ್ಲಿ ಹುಣಸೂರು ಬಳಿಯ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ಉಳಿದವು ಸ್ಥಾಪನೆಯಾದವು. ಸ್ಥಳೀಯರು ಇವನ್ನು ‘ಕ್ಯಾಂಪ್’ ಎಂದು ಕರೆಯುತ್ತಾರೆ.

ಕಾನೂನು ಸ್ಥಾನಮಾನ

ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಶಿಷ್ಟಾಚಾರಕ್ಕಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ದೇಶದಲ್ಲಿಲ್ಲ. ಪೌರತ್ವವಿಲ್ಲದ ಟಿಬೆಟನ್ನರು ವಿದೇಶಿಯರ ನೋಂದಣಿ ಪ್ರಮಾಣಪತ್ರ ಪಡೆದು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶ ಪ್ರಯಾಣಕ್ಕೆ ಅವರಿಗೆ ಪಾಸ್‌ಪೋರ್ಟ್ ಬದಲು ಭಾರತ ಸರ್ಕಾರ ನೀಡುವ ಹಳದಿ ಹೊದಿಕೆಯ ಗುರುತು ಪತ್ರವಿದೆ.

1955ರ ಪೌರತ್ವ ಕಾಯ್ದೆಯ 3ನೇ ಕಲಮಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಜನನದಿಂದಲೇ ಪೌರರು. 1987ರ ಜುಲೈ 1ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಹೀಗಾಗಿ 1987ರ ಜೂನ್‌ನಲ್ಲಿ ಮುಂಡಗೋಡದಲ್ಲಿ ಹುಟ್ಟಿದ ಮಗು ಭಾರತೀಯ ಪೌರ. ಮರುವರ್ಷ ಅದೇ ಮನೆಯಲ್ಲಿ ಹುಟ್ಟಿದ ತಂಗಿ, ಹೆತ್ತವರಿಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದ ನಿರಾಶ್ರಿತರಾಗಿದ್ದರೆ, ವಿದೇಶಿ.

ಈ ಹಕ್ಕನ್ನು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಮತ್ತು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿದವು. 2017ರಲ್ಲಿ ವಿದೇಶಾಂಗ ಸಚಿವಾಲಯವು ಅರ್ಹ ಟಿಬೆಟನ್ನರಿಗೆ ಪಾಸ್‌ಪೋರ್ಟ್ ನೀಡಲು ಸೂಚಿಸಿತು. ಆದರೆ ನೋಂದಣಿ ಪತ್ರ ಮತ್ತು ಗುರುತು ಪತ್ರಗಳನ್ನು ರದ್ದುಪಡಿಸಿಕೊಳ್ಳಬೇಕು, ವಸಾಹತಿನಲ್ಲಿ ವಾಸಿಸಬಾರದು, ಕೇಂದ್ರೀಯ ಟಿಬೆಟನ್ ಆಡಳಿತದ ಸೌಲಭ್ಯ ಪಡೆಯಬಾರದು ಎಂಬ ಷರತ್ತುಗಳನ್ನೂ ವಿಧಿಸಲಾಯಿತು. ವಿದ್ಯಾರ್ಥಿವೇತನಗಳು ಹೆಚ್ಚಾಗಿ ಆ ಆಡಳಿತದ ಮೂಲಕವೇ ಬರುವುದರಿಂದ ಪೌರತ್ವದ ಆಯ್ಕೆಯು ಕುಟುಂಬಗಳಿಗೆ ಶಿಕ್ಷಣದ ಪ್ರಶ್ನೆಯೂ ಆಯಿತು.

ಶಾಲೆಯಿಂದ ಕಾಲೇಜಿಗೆ

1961ರಲ್ಲಿ ಭಾರತ ಸರ್ಕಾರವು ಕೇಂದ್ರೀಯ ಟಿಬೆಟನ್ ಶಾಲಾ ಆಡಳಿತವನ್ನು ಸ್ಥಾಪಿಸಿತು. ಬೈಲಕುಪ್ಪೆ, ಮುಂಡಗೋಡ ಮೊದಲಾದ ಕಡೆ ಅದರ ಶಾಲೆಗಳು ಸಿಬಿಎಸ್‌ಇ ಪಠ್ಯಕ್ರಮದಲ್ಲಿ ನಡೆದವು. 2013ರ ನಂತರ ಹಂತಹಂತವಾಗಿ ಟಿಬೆಟನ್ ಆಡಳಿತಕ್ಕೆ ಹಸ್ತಾಂತರಗೊಂಡವು. ಆದ್ದರಿಂದ ಹನ್ನೆರಡನೆಯ ತರಗತಿಯವರೆಗಿನ ದಾರಿ ವಸಾಹತಿನ ಒಳಗೇ ಇದೆ. ಪದವಿ ವ್ಯಾಸಂಗಕ್ಕೆ ಹೆಚ್ಚಿನವರು ಹೊರಗೆ ಹೋಗಬೇಕು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಹೊಂದಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯು ಬೆಳಗಾವಿ ಕಂದಾಯ ವಿಭಾಗಕ್ಕೆ ಸೇರಿದೆ. ಆದರೆ 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರವೂ ಈ ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಉಳಿದವು. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಂಗಳೂರಿನ ಹೊರವಲಯದ ಶೇಷಗಿರಿಹಳ್ಳಿಯಲ್ಲಿರುವ ದಲಾಯಿ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯು ಟಿಬೆಟನ್ ಯುವಜನರಿಗಾಗಿ ಸ್ಥಾಪಿತವಾದ ಕಾಲೇಜು.

ಸರ್ಕಾರಿ ಕೋಟಾದ ಸೀಟು ಮತ್ತು ಶುಲ್ಕ ರಿಯಾಯಿತಿಗಳು ಸಾಮಾನ್ಯವಾಗಿ ಪೌರರನ್ನು ಗಮನದಲ್ಲಿಟ್ಟು ರೂಪುಗೊಂಡವು. ಕೆಲವು ವೃತ್ತಿಪರ ಕೋರ್ಸುಗಳಿಗೆ ಟಿಬೆಟನ್ ಆಡಳಿತದ ಶಿಕ್ಷಣ ಇಲಾಖೆಯು ವಿದ್ಯಾರ್ಥಿಗಳನ್ನು ನಾಮನಿರ್ದೇಶನ ಮಾಡುತ್ತದೆ.

ಮಠೀಯ ಉನ್ನತ ಶಿಕ್ಷಣ

ಬೈಲಕುಪ್ಪೆಯ ಸೆರಾ ಹಾಗೂ ಮುಂಡಗೋಡದ ಡ್ರೆಪುಂಗ್ ಮತ್ತು ಗಾಂಡೆನ್, ಟಿಬೆಟ್‌ನ ಪ್ರಾಚೀನ ಮಠ-ವಿದ್ಯಾಪೀಠಗಳ ಪುನಃಸ್ಥಾಪಿತ ರೂಪಗಳು. ಇಲ್ಲಿ ಪ್ರಮಾಣಶಾಸ್ತ್ರ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ ಮತ್ತು ವಿನಯಗಳ ಅಧ್ಯಯನ ಹದಿನೈದಕ್ಕೂ ಹೆಚ್ಚು ವರ್ಷ ನಡೆದು ‘ಗೆಶೆ’ ಪದವಿಯಲ್ಲಿ ಮುಗಿಯುತ್ತದೆ. ಶತಮಾನಗಳ ಕಾಲ ಪುರುಷರಿಗಷ್ಟೇ ಸಂದ ಈ ಪದವಿಯ ಸ್ತ್ರೀ ರೂಪವಾದ ‘ಗೆಶೆಮಾ’ವನ್ನು 2016ರ ಡಿಸೆಂಬರ್‌ನಲ್ಲಿ ಮುಂಡಗೋಡದಲ್ಲಿ 20 ಭಿಕ್ಷುಣಿಯರು ಪಡೆದರು.

ಪದವಿಯ ನಂತರ

2014ರ ಟಿಬೆಟನ್ ಪುನರ್ವಸತಿ ನೀತಿಯು ಬೋಧನೆ, ಶುಶ್ರೂಷೆ, ವೈದ್ಯಕೀಯ, ಎಂಜಿನಿಯರಿಂಗ್ ಮೊದಲಾದ ವಿದ್ಯಾರ್ಹತೆ ಪಡೆದವರು ಸರ್ಕಾರೇತರ ವಲಯದಲ್ಲಿ ದುಡಿಯಲು ಅವಕಾಶ ನೀಡುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಿಯಮಗಳು 1962ರ ಜನವರಿ 1ಕ್ಕೆ ಮೊದಲು ಶಾಶ್ವತವಾಗಿ ನೆಲೆಸಲು ಬಂದ ಟಿಬೆಟನ್ ನಿರಾಶ್ರಿತರನ್ನು ಕೆಲವು ಸೇವೆಗಳಿಗೆ ಅರ್ಹರೆಂದು ಹೆಸರಿಸುತ್ತವೆ. ಇಲ್ಲಿಯೇ ಹುಟ್ಟಿಯೂ ಪೌರತ್ವ ಸಿಗದ ನಂತರದ ಪೀಳಿಗೆ ಆ ವಾಕ್ಯದೊಳಗೆ ಬರುವುದಿಲ್ಲ.

ಇತರ ಸಮುದಾಯಗಳೊಂದಿಗೆ ಹೋಲಿಕೆ

1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರು ಭಾರತೀಯ ಪೌರತ್ವ ಪಡೆದು ಬಂದವರು. ಹೀಗಾಗಿ ಕಾಲೇಜು ಪ್ರವೇಶದಲ್ಲಿ ಅವರ ಮಕ್ಕಳಿಗೆ ಪೌರತ್ವದ ಪ್ರಶ್ನೆ ಎದುರಾಗುವುದಿಲ್ಲ.

ಜಾಗತಿಕವಾಗಿ 2019ರಲ್ಲಿ ನಿರಾಶ್ರಿತ ಯುವಜನರಲ್ಲಿ ಉನ್ನತ ಶಿಕ್ಷಣ ತಲುಪಿದವರು ಶೇ. 3ರಷ್ಟು ಮಾತ್ರ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ತಿಳಿಸಿತ್ತು. ಈ ಪ್ರಮಾಣವನ್ನು 2030ರ ವೇಳೆಗೆ ಶೇ. 15ಕ್ಕೆ ಏರಿಸುವುದು ಅದರ ಗುರಿ.